ಅಸಲಿ ಡಕೋಟ

ಕನ್ನಡದಲ್ಲಿ ‘ಡಕೋಟ’ ಎಂದರೆ ವಿಮಾನವಲ್ಲ. ಮಳೆ ಬಂದರೆ ಒಳಗೇ ಕೊಡೆ ಬಿಚ್ಚಬೇಕಾದ ಬಸ್ಸು, ಇಳಿಜಾರು ನೋಡಿಯೇ ನಿಲ್ಲಿಸಬೇಕಾದ ಜೀಪು. ಹೀಗಾಗಿ, ಐಸ್‌ಲ್ಯಾಂಡ್ ಪ್ರವಾಸಕ್ಕೆ ಕರೆದೊಯ್ದ ಅಳಿಯ ಒಂದು ರಾತ್ರಿ “ಮಾವ, ನಾಳೆ ಡಕೋಟ ನೋಡೋಕೆ ಹೋಗೋಣ” ಎಂದಾಗ ಮೈಸೂರಿನ ಆ ನಿವೃತ್ತ ಬಸ್ ಮೆಕ್ಯಾನಿಕ್‌ಗೆ ಉತ್ಸಾಹವೇನೂ ಬರಲಿಲ್ಲ.

“ಅಳಿಯಂದ್ರೇ, ಮೂವತ್ತು ವರ್ಷ ಡಕೋಟಗಳ ಕೆಳಗೇ ಮಲಗಿದ್ದೀನಿ. ಇನ್ನೊಂದನ್ನ ನೋಡೋಕೆ ವೀಸಾ ಬೇರೆ ಬೇಕಿತ್ತಾ?”

ಇದು ಅಸಲಿ ಡಕೋಟ ಎಂದು ಅಳಿಯ ಒಪ್ಪಿಸಿದ. ಡಗ್ಲಾಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದರ ಯುದ್ಧಕಾಲದ ರೂಪಕ್ಕೆ ಬ್ರಿಟಿಷರು ಇಟ್ಟ ಹೆಸರೇ ಡಕೋಟ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೂ ಇವುಗಳ ರಿಪೇರಿ ನಡೆದಿತ್ತು. ಮುಪ್ಪಾದರೂ ಕೆಲಸ ಬಿಡದ ಈ ವಿಮಾನದ ಹೆಸರು ನಮ್ಮಲ್ಲಿ ಮುಪ್ಪಾದ ಗಾಡಿಗಳಿಗೆಲ್ಲ ಅಂಟಿಕೊಂಡಿತು. ರಿಪೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಬೂಟು ಹುಡುಕತೊಡಗಿದರು.

ಜಾಗದ ಹೆಸರು ಸೋಲ್‌ಹೇಮಸಾಂಡೂರ್. ಬಾಲದಲ್ಲಿ ಬಳ್ಳಾರಿ ಸೀಮೆಯ ಸಂಡೂರು ಕೇಳಿಸಿದರೂ ಇಲ್ಲಿ ಅದಿರಿಲ್ಲ, ಕಪ್ಪು ಮರಳು ಮಾತ್ರ. ಹಿಮನದಿಯ ನೀರು ಹೊತ್ತು ತಂದು ಹರವಿದ ಬಯಲನ್ನು ಆ ನಾಡಿನವರು ಸಾಂಡೂರ್ ಎನ್ನುತ್ತಾರೆ. ಉತ್ತರಕ್ಕೆ ಮಿರ್ದಾಲ್ಸ್‌ಯೋಕುಲ್ ಹಿಮರಾಶಿ. ಅದರ ಹೊಟ್ಟೆಯಲ್ಲಿ ಕಾಟ್ಲಾ ಜ್ವಾಲಾಮುಖಿ. ಅದು ದೊಡ್ಡದಾಗಿ ಸಿಡಿದದ್ದು 1918ರಲ್ಲಿ.

1973ರ ನವೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ವಿಮಾನವೊಂದು ಪೂರ್ವದ ರೇಡಾರ್ ಕೇಂದ್ರಕ್ಕೆ ಸಾಮಾನು ಮುಟ್ಟಿಸಿ ಕೆಫ್ಲಾವಿಕ್‌ಗೆ ಮರಳುತ್ತಿತ್ತು. ವಿಪರೀತ ಹಿಮ ಕಟ್ಟಿ ಎಂಜಿನ್‌ಗಳು ಕೈಕೊಟ್ಟವು. ಪೈಲಟ್ ಅದನ್ನು ಮರಳಿನ ಮೇಲೆ ಇಳಿಸಿದ, ಒಳಗಿದ್ದವರೆಲ್ಲ ಬದುಕಿಕೊಂಡರು. ಇಂಧನ ತುಂಬಿದ ಟ್ಯಾಂಕ್ ಬಿಟ್ಟು ಖಾಲಿ ಟ್ಯಾಂಕಿನ ಗುಂಡಿ ಒತ್ತಿದ್ದೇ ಕಾರಣ ಎಂಬ ಕಥೆಯೂ ಚಾಲ್ತಿಯಲ್ಲಿದೆ. ಮಾವ ನಂಬಿದ್ದು ಅದನ್ನೇ. “ಡ್ರೈವರ್‌ಗಳು ಎಲ್ಲಾ ಕಡೆ ಒಂದೇ!”

ಹೆದ್ದಾರಿಯಿಂದ ವಿಮಾನಕ್ಕೆ ಸುಮಾರು ನಾಲ್ಕು ಕಿಲೋಮೀಟರ್. ಮೊದಲು ಜನ ಕಾರಿನಲ್ಲೇ ನುಗ್ಗುತ್ತಿದ್ದರು. ಸಿಕ್ಕಸಿಕ್ಕಲ್ಲಿ ಚಕ್ರ ಹಾಯಿಸಿ ನೆಲ ಕೆಡಿಸಿದ್ದರಿಂದ 2016ರಲ್ಲಿ ಜಮೀನಿನ ಒಡೆಯರು ದಾರಿ ಮುಚ್ಚಿದರು. ಈಗ ನಡೆಯಬೇಕು, ಇಲ್ಲವೇ ದುಡ್ಡು ಕೊಟ್ಟು ಅಲ್ಲಿನ ಬಸ್ ಹತ್ತಬೇಕು. ಬಸ್ಸು ಕಂಡ ಮಾವ ನಡೆಯುವುದೇ ವಾಸಿ ಎಂದರು. ಮರವಿಲ್ಲ, ಮನೆಯಿಲ್ಲ, ನೆರಳಿಲ್ಲ. ಅರ್ಧ ಗಂಟೆ ನಡೆದರೂ ಬೆಟ್ಟ ಇದ್ದಲ್ಲೇ ಇತ್ತು, ಸಮುದ್ರವೂ ಇದ್ದಲ್ಲೇ ಇತ್ತು.

ಮಗಳ ಚೀಲದಲ್ಲಿ ಕೆಂಪು ಶಿಫಾನ್ ಸೀರೆಯಿತ್ತು. 2015ರ ‘ದಿಲ್‌ವಾಲೆ’ ಚಿತ್ರದ ‘ಗೆರುವಾ’ ಹಾಡಿನಲ್ಲಿ ಶಾರುಖ್ ಖಾನ್, ಕಾಜೋಲ್ ಇದೇ ವಿಮಾನದ ಬಳಿ ಕಾಣಿಸಿಕೊಂಡಿದ್ದರು. ಅದೇ ವರ್ಷ ಜಸ್ಟಿನ್ ಬೀಬರ್ ತನ್ನ ಹಾಡಿನ ವಿಡಿಯೊದಲ್ಲಿ ಇದರ ನೆತ್ತಿಯ ಮೇಲೆ ಸ್ಕೇಟ್‌ಬೋರ್ಡ್ ಓಡಿಸಿದ್ದ. ಸಿನಿಮಾದಲ್ಲಿ ಸೆರಗು ಹಾರಿದ್ದು ಬಲು ಚೆಂದ. ಇಲ್ಲಿ ಸ್ವೆಟರಿನ ಮೇಲೆ ಸುತ್ತಿದ ಸೀರೆಯ ಸೆರಗು ನೇರ ಅಳಿಯನ ಮುಖಕ್ಕೆ ಬಂದು ಅಂಟಿತು. ಆರು ಫೋಟೊಗಳಲ್ಲಿ ಅವನಿದ್ದಾನೆ. ಒಂದರಲ್ಲೂ ಗುರುತು ಸಿಗುವುದಿಲ್ಲ.

ವಿಮಾನ ಕೊನೆಯವರೆಗೂ ಕಾಣುವುದಿಲ್ಲ. ಮರಳಿನ ತಗ್ಗಿನಲ್ಲಿ ತಟ್ಟನೆ ಎದುರಾಗುತ್ತದೆ. ಬಾಲವಿಲ್ಲ, ರೆಕ್ಕೆಗಳ ಬುಡ ಮಾತ್ರ ಉಳಿದಿದೆ, ಕಿಟಕಿಗಳು ಬರೀ ತೂತು. ಮಾವ ಸುತ್ತು ಬಂದು ಬೆರಳಿನಿಂದ ತಟ್ಟಿದರು. ತುಕ್ಕಿಲ್ಲ, ಅಲ್ಯೂಮಿನಿಯಂ! ಇದು ಡಕೋಟದ ಸುಧಾರಿತ ತಳಿಯೆಂದೂ, 1950ರ ದಶಕದ ಆರಂಭದಲ್ಲಿ ನೌಕಾಪಡೆ ತನ್ನ ಸುಮಾರು 100 ಹಳೆಯ ವಿಮಾನಗಳನ್ನು ಡಗ್ಲಾಸ್‌ಗೆ ಮರಳಿಸಿ, ಉದ್ದ ಮಾಡಿಸಿ, ಹೊಸ ರೆಕ್ಕೆ, ಹೊಸ ಬಾಲ ಹಾಕಿಸಿತೆಂದೂ ಅಳಿಯ ವಿವರಿಸಿದ.

“ಅಂದ್ರೆ ಹಳೇ ಚಾಸಿಗೆ ಹೊಸ ಬಾಡಿ ಕಟ್ಟಿಸಿದ್ದಾರೆ ಅನ್ನಿ” ಎಂದರು ಮಾವ, ಕೊನೆಗೂ ಪರಿಚಿತರು ಸಿಕ್ಕಿದವರ ಹಾಗೆ. “ನಮ್ಮ ಡಿಪೋದಲ್ಲಾಗಿದ್ರೆ ಇದು ಎಪ್ಪತ್ನಾಲ್ಕರ ಹರಾಜಲ್ಲೇ ಗುಜರಿಗೆ ಹೋಗ್ತಿತ್ತು. ಇವರು ಬಿಟ್ಟು ಹೋದರು, ನೋಡಿ, ಈಗ ಬಾಡಿ ನೋಡೋಕೇ ಬಸ್ ಓಡುತ್ತೆ!”

ಅಷ್ಟರಲ್ಲಿ ಮಳೆ ಅಡ್ಡಡ್ಡ ಸುರಿಯಿತು. ಮೂವರೂ ವಿಮಾನದ ಒಳಹೊಕ್ಕರು. ಒಳಗೂ ಸೋರುತ್ತಿತ್ತು, ಮಾವ ಕೊಡೆ ಬಿಚ್ಚಿದರು.

ಆ ಬಯಲಿನ ಹವೆಯ ಜೊತೆ ಸಲುಗೆ ಸಲ್ಲದು. 2020ರ ಜನವರಿಯ ಬಿರುಗಾಳಿಯಲ್ಲಿ ವಿಮಾನ ನೋಡಲು ಹೊರಟ ಇಬ್ಬರು ಯುವ ಪ್ರವಾಸಿಗರು ಅಲ್ಲೇ ಪ್ರಾಣ ಬಿಟ್ಟರು. ಹೋಗುವವರು ಹವಾ ಮುನ್ಸೂಚನೆ ನೋಡಿ, ಬೆಳಕಿರುವಾಗಲೇ ಹೊರಟು, ಹೋಗಿಬರಲು ಮೂರು ಗಂಟೆ ಇಟ್ಟುಕೊಳ್ಳಿ. ಗಾಳಿ ತಡೆಯುವ ಕೋಟು, ಕುಡಿಯುವ ನೀರು ಇರಲಿ. ವಿಮಾನದ ಬಳಿ ಅಂಗಡಿಯಿಲ್ಲ. ಕೋಡುಬಳೆ ಊರಿಂದಲೇ ಒಯ್ಯಬೇಕು.