ಋಣಾನುಬಂಧದ ಗ್ರಾಮವಾಸ

ಗ್ರಾಮವಾಸವೇ ಮನಶ್ಶಾಂತಿಗೆ ಮೂಲವೆಂದು ನಂಬಿಯೂ ಕುರ್ಚಿಯಿಂದ ಏಳಲೊಲ್ಲದ ನಮ್ಮಂಥವರ ಉದ್ಧಾರಾರ್ಥವಾಗಿಯೋ ಎಂಬಂತೆ, ಜಪಾನಿನ ನಿಂಟೆಂಡೊ ಸಂಸ್ಥೆಯು 2001ರ ಏಪ್ರಿಲ್‌ನಲ್ಲಿ ನಿಂಟೆಂಡೊ 64 ಯಂತ್ರಕ್ಕೆಂದು ಹೊರತಂದಿದ್ದ ‘ದೋಬುತ್ಸು ನೊ ಮೋರಿ’, ಎಂದರೆ ‘ಪ್ರಾಣಿಗಳ ಕಾಡು’, ಎಂಬ ವಿಡಿಯೊ ಆಟವನ್ನು, ಅದೇ ವರ್ಷದ ಡಿಸೆಂಬರಿನಲ್ಲಿ ಪರಿಷ್ಕರಿಸಿ, ವಸ್ತುಸಂಗ್ರಹಾಲಯವೊಂದನ್ನೂ ಜೋಡಿಸಿ, ಗೇಮ್‌ಕ್ಯೂಬ್ ಯಂತ್ರಕ್ಕೆ ಅರ್ಪಿಸಿತು. ಮರುವರ್ಷ ಅದು ‘ಅನಿಮಲ್ ಕ್ರಾಸಿಂಗ್’ ಎಂಬ ನಾಮಧೇಯದಿಂದ ಅಮೆರಿಕೆಯನ್ನೂ ತಲುಪಿತು.

ಇಲ್ಲಿ ಯುದ್ಧವಿಲ್ಲ, ಜಯಾಪಜಯಗಳಿಲ್ಲ. ಮೀನು ಹಿಡಿಯುವುದು, ಕಳೆ ಕೀಳುವುದು, ನೆರೆಯ ಪ್ರಾಣಿಗಳಿಗೆ ಪತ್ರ ಬರೆಯುವುದು, ಇವಿಷ್ಟೇ ಪುರುಷಾರ್ಥಗಳು. ಆದರೆ ಊರಿಗೆ ಕಾಲಿಟ್ಟ ದಿನವೇ ಟಾಮ್ ನೂಕ್ ಎಂಬ ಅಂಗಡಿಕಾರನು ಮನೆಯೊಂದನ್ನು ಕೊಟ್ಟು ಸಾಲವನ್ನು ಕೊರಳಿಗೆ ಕಟ್ಟುತ್ತಾನೆ. ಅದನ್ನು ತೀರಿಸಿದೊಡನೆಯೇ ಮನೆಯನ್ನು ವಿಸ್ತರಿಸಿ ಇನ್ನೊಂದನ್ನು ಹೇರುತ್ತಾನೆ. ಬಡ್ಡಿಯನ್ನು ಕೇಳದಿರುವುದೊಂದೇ ಅವನನ್ನು ಭೂಲೋಕದ ಸಾಹುಕಾರರಿಂದ ಪ್ರತ್ಯೇಕಿಸುವ ದೈವೀಗುಣ. ಆಟದೊಳಗಿನ ಕಾಲವೂ ನಿಜದ ಗಡಿಯಾರವನ್ನೇ ಅನುಸರಿಸುವುದರಿಂದ, ಊಟ ಮುಗಿಸಿ ನಡುರಾತ್ರಿ ಆಟಕ್ಕೆ ಕುಳಿತವನಿಗೆ ಅಂಗಡಿಯ ಮುಚ್ಚಿದ ಬಾಗಿಲೇ ದರ್ಶನ. ಬೇಸತ್ತು, ಆಟವನ್ನು ಉಳಿಸದೆ ಯಂತ್ರವನ್ನು ಆರಿಸಿದಿರೋ, ಮರುಸಲ ರೆಸೆಟ್ಟಿಯೆಂಬ ಬಿಲವಾಸಿಯು ನೆಲವನ್ನು ಸೀಳಿಕೊಂಡು ಮೇಲೆದ್ದು, ಹಳೆಯ ಕಾಲದ ಮೇಷ್ಟರೂ ನಾಚುವಂತೆ ದೀರ್ಘೋಪದೇಶಕ್ಕೆ ತೊಡಗುತ್ತಾನೆ.

ಶಾಂತಿಯನ್ನರಸಿ ಈ ಹಳ್ಳಿಗೆ ಹೊರಟ ವಾಚಕ ಮಹಾಶಯರೇ, ಸುಖವಾಗಿ ಹೋಗಿ ಬನ್ನಿ. ಸಾಲವನ್ನು ತೀರಿಸುವ ದಾರಿಯನ್ನು ಮಾತ್ರ ಮೊದಲೇ ನೋಡಿಕೊಂಡಿರಿ.