ಶೇ 85ರ ಚಿತ್ರ

ಅಧಿಕಾರಿ: 2016ರಿಂದ ಸಿಗರೇಟ್ ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯೇ ಇದೆ. ಗಿರಾಕಿಗಳು ಹೆದರಿರಬೇಕಲ್ಲ?

ಬೀಡಾ ಅಂಗಡಿಯವ: ಪ್ಯಾಕ್ ನೋಡೋನು ನಾನೊಬ್ಬನೇ ಸ್ವಾಮಿ. ಅವರಿಗೆ ಕೊಡೋದು ಒಂದೊಂದೇ ಸಿಗರೇಟು.

ಅಧಿಕಾರಿ: ಬಿಡಿ ಮಾರಾಟ ನಿಷೇಧ!

ಅಂಗಡಿಯವ: ಬೋರ್ಡ್ ಹಾಕಿದೀನಲ್ಲ. ಅದೇ ಮೊಳೆಗೆ ಲೈಟರ್ ನೇತುಹಾಕಿರೋದು.

(ನಿಜಕ್ಕೂ ನೇತುಹಾಕಿದ್ದ; ಅದರ ದಾರ ಸುಟ್ಟು ಕರಕಲಾಗಿತ್ತು.)

ಅಧಿಕಾರಿ: ಸಿನಿಮಾದಲ್ಲೂ ಎಚ್ಚರಿಕೆ ತೋರಿಸ್ತೀವಿ.

ಅಂಗಡಿಯವ: ಇಂಟರ್ವಲ್ ಆದ್ಮೇಲೂ ತೋರಿಸ್ತೀರಿ, ಪುಣ್ಯ ಬರಲಿ. ಅದು ಮುಗಿಯೋವರೆಗೆ ಜನ ಹೊರಗೇ ನಿಂತು ಇನ್ನೊಂದು ದಮ್ ಎಳೀತಾರೆ. ನನಗೆ ಅದೇ ವ್ಯಾಪಾರದ ಹೊತ್ತು.

ಅಧಿಕಾರಿ: ಹಾಗಾದ್ರೆ ಇನ್ನೂ ದೊಡ್ಡ ಪೋಸ್ಟರ್ ಕಳಿಸ್ತೀವಿ.

ಅಂಗಡಿಯವ: ಕಳಿಸಿ, ಅಂಗಡಿಗೆ ಬಿಸಿಲು ಜಾಸ್ತಿ.

ಅಧಿಕಾರಿ: ಅಂದರೆ ಅಭಿಯಾನ ಸೋತಂಗೇನಾ?

ಅಂಗಡಿಯವ: ಛೆ, ಎಲ್ಲಾದ್ರೂ ಉಂಟೆ! ದಿನಾ ಪ್ಯಾಕಿನ ಮೇಲಿನ ಆ ಚಿತ್ರ ನೋಡಿ ನೋಡಿ ನಾನು ಸೇದೋದನ್ನೇ ಬಿಟ್ಟೆ. ಈಗ ಬರೀ ಮಾರ್ತೀನಿ.