ದಾರುನಿರ್ಣಯ: ಅಥವಾ ಕಪಿಲಾತೀರದಲ್ಲಿ ಡೆಕ್ಕು ಹಾಕುವ ವಿಚಾರ

ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ‘ಡೆಕ್ಕು’ ಎಂಬ ಶಬ್ದ ಸಿಕ್ಕುವುದಿಲ್ಲ. ಹದಿಮೂರನೆಯ ಶತಮಾನದ ಆ ವೈಯಾಕರಣನಿಗೆ ನ್ಯೂಜೆರ್ಸಿಯಲ್ಲಿ ಅಳಿಯ ಇರಲಿಲ್ಲವೆಂಬುದೇ ಇದಕ್ಕೆ ಕಾರಣವೆಂದು ಪ್ರಸ್ತುತ ಲೇಖಕನ ಮತ. ಲೇಖಕನಿಗೆ ಇದ್ದಾನೆ. ಆತ ವಾಟ್ಸಾಪಿನಲ್ಲಿ ಕಳಿಸಿದ ಹದಿನಾಲ್ಕು ಚಿತ್ರಗಳಿಂದ ಹೊರಡುವ ಲಕ್ಷಣ ಇಷ್ಟು: ಮನೆಯ ಹಿಂದೆ ಮರದ ಹಲಗೆ ಹಾಸಿದ ಜಗಲಿ, ಮೇಲೆ ಸೂರಿಲ್ಲ, ಕೆಳಗೆ ನೆಲ ತಾಗುವುದಿಲ್ಲ, ಮೂಲೆಯಲ್ಲಿ ಮಾಂಸ ಸುಡುವ ಒಲೆ. ನಂಜನಗೂಡಿನ ನಮ್ಮ ಹಿತ್ತಿಲಿನಲ್ಲಿ, ಒಲೆಯೊಂದನ್ನು ಬಿಟ್ಟು, ಇದನ್ನು ಸಾಧಿಸಬಹುದೇ? ಸಾಧಿಸುವುದಾದರೆ ಯಾವ ಮರದಿಂದ? ಪ್ರಬಂಧದ ವ್ಯಾಪ್ತಿ ಇಷ್ಟೇ.

ಮೊದಲು ಪ್ರಮಾಣಗ್ರಂಥ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಮಂಚ, ಪೀಠಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಕೂರಲು, ಮಲಗಲು ಆಗದ ಮರಗಳನ್ನು ಅಲ್ಲಿ ಹೆಸರಿಟ್ಟು ಹೊರಗಟ್ಟಿದ್ದಾನೆ: ಸಿಡಿಲು ಬಡಿದದ್ದು, ಆನೆ ಕೆಡವಿದ್ದು, ಹಕ್ಕಿಯೋ ಜೇನೋ ಗೂಡು ಕಟ್ಟಿದ್ದು, ಮುಳ್ಳಿನದ್ದು, ದೇವಾಲಯದಲ್ಲಿ ಬೆಳೆದದ್ದು, ಮಹಾನದಿಗಳ ಸಂಗಮದಲ್ಲಿ ಹುಟ್ಟಿದ್ದು. ಇದನ್ನು ಮೈಸೂರು ಜಿಲ್ಲೆಯ ನಕ್ಷೆಯ ಮೇಲಿಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರ ಒಂದೇ ಮಾತಿಗೆ ಅನರ್ಹ. ಶ್ರೀಕಂಠೇಶ್ವರನ ಪ್ರಾಕಾರಕ್ಕೆ ಅಂಟಿಕೊಂಡೇ ಬೆಳೆದ ನಮ್ಮ ಊರು ಇನ್ನೊಂದು ಮಾತಿಗೆ. ಮುಳ್ಳಿನ ಕಲಮಿನಲ್ಲಿ ಕರಿಜಾಲಿ ಹೋಯಿತು. ಈ ಸೀಮೆಯ ನೇಗಿಲು, ಗಾಡಿಗಳು ತಲೆಮಾರುಗಟ್ಟಲೆ ಅದನ್ನೇ ನೆಚ್ಚಿದ್ದವು. ಆನೆಯ ಕಲಮಿಗೆ ಹೆಡಿಯಾಲದ ಕಡೆಯವರು ಸುಮ್ಮನೆ ತಲೆಬಾಗುತ್ತಾರೆ.

ನರಸೀಪುರದವರು ಇಲ್ಲಿ ಆಕ್ಷೇಪ ಎತ್ತುವುದು ಸಹಜ. ಅವರ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ತೂಗುತ್ತದೆಂಬ ನಂಬಿಕೆ ಇದೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವೂ ಅಲ್ಲಿ ನಡೆಯುತ್ತಿದೆ. ಅಂಥ ನೀರು ಕುಡಿದ ಮರ ಅಶುಭವೇ? ಲೇಖಕನ ಸಮಾಧಾನ: ವರಾಹಮಿಹಿರ ಪುಣ್ಯದ ಮಾತಾಡುತ್ತಿಲ್ಲ, ತೇವಾಂಶದ ಮಾತಾಡುತ್ತಿದ್ದಾನೆ. ಆ ಹೆಚ್ಚುವರಿ ಗುಲಗಂಜಿ ತೂಕವೂ ನೀರಿನದ್ದೇ ಇರಬಹುದೆಂಬ ಅನುಮಾನವನ್ನು ಲೇಖಕ ಆ ಊರಿನಲ್ಲಿ ಆಡಿಲ್ಲ.

ಶಾಸ್ತ್ರ ಬಿಟ್ಟು ಕಾನೂನಿಗೆ ಬಂದರೆ ಗತಿ ಇನ್ನೂ ಕಷ್ಟ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದ ಬದುವಿನ ತೇಗಕ್ಕೂ ಅನುಮತಿ ಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ತೆಂಗು ಮೊದಲಾದವಕ್ಕೆ ವಿನಾಯಿತಿ ಉಂಟು. ಇದರಿಂದ ಸಿದ್ಧವಾಗುವ ಸೂತ್ರ: ಕಾನೂನು ಬಿಟ್ಟ ಮರವನ್ನು ಗೆದ್ದಲು ಬಿಡುವುದಿಲ್ಲ, ಗೆದ್ದಲು ಬಿಟ್ಟ ಮರವನ್ನು ಕಾನೂನು ಬಿಡುವುದಿಲ್ಲ.

ಗೆದ್ದಲಿನ ಪಾಂಡಿತ್ಯಕ್ಕೆ ಇಲ್ಲಿ ಒಂದು ನಮಸ್ಕಾರ. ತೇಗ ತೇಗ ಎಂದು ನಾವು ಬಾಯಿಬಡಿದುಕೊಳ್ಳುತ್ತೇವೆ. ಅದು ಮಾತ್ರ ಚೇಗನ್ನೂ ಬಿಳಿಯನ್ನೂ ಬೇರೆಬೇರೆ ಓದುತ್ತದೆ. ಮರದ ಒಳಗಿನ ಕಂದು ಚೇಗಿಗೆ ಬಾಯಿ ಹಾಕಲು ಹಿಂಜರಿಯುತ್ತದೆ, ಹೊರಸುತ್ತಿನ ಬಿಳಿಯನ್ನು ಹೋಳಿಗೆಯಂತೆ ಮುಗಿಸುತ್ತದೆ. ಎಳೆಯ ತೋಟದ ತೇಗದಲ್ಲಿ ಬಿಳಿಯ ಪಾಲೇ ಜಾಸ್ತಿ. ಸಾಮಿಲ್ಲಿನಲ್ಲಿ ಅದಕ್ಕೆ ಬಣ್ಣ ಬಳಿದು ‘ಹಳೇ ಮಾಲು ಸಾರ್’ ಎಂದಾಗ ಲೇಖಕ ನಂಬಿದ. ಗೆದ್ದಲು ನಂಬಲಿಲ್ಲ.

ಅಳತೆಯ ವಿಚಾರವೂ ರೋಚಕ. ದುಂಡು ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸಿ ಸಿಎಫ್‌ಟಿ ತೆಗೆಯುವುದು ರೂಢಿ. ಹೀಗೆ ಮಾಡಿದರೆ ನಿಜವಾದ ಗಾತ್ರದಲ್ಲಿ ಶೇ. 78.5ರಷ್ಟೇ ಲೆಕ್ಕಕ್ಕೆ ಬರುತ್ತದೆ. ಉಳಿದದ್ದು ತೊಗಟೆ, ಹೊಟ್ಟು, ದಾಕ್ಷಿಣ್ಯ. ಆರ್ಯಭಟ 499ರಲ್ಲಿ ನಾಲ್ಕು ದಶಮಾಂಶದವರೆಗೆ ಸರಿಯಾಗಿ ಕೊಟ್ಟ ಪೈ ಸಾಮಿಲ್ಲಿನ ಗೇಟಿನೊಳಗೆ ಇನ್ನೂ ಕಾಲಿಟ್ಟಿಲ್ಲ.

ಅಳಿಯನ ಪೂರ್ವಪಕ್ಷ: ‘ಮಾವ, ಇಲ್ಲಿ ಸಾಧಾರಣ ಪೈನ್ ಮರಕ್ಕೇ ಔಷಧಿ ಊಡಿಸಿ ಡೆಕ್ಕು ಹಾಕ್ತಾರೆ.’ ಊಡಿಸುತ್ತಾರೆ, ನಿಜ. ಆದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ಆ ಕಷಾಯವನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಅಮೆರಿಕದ ಹಿತ್ತಿಲುಗಳು ದಶಕಗಟ್ಟಲೆ ಇದರ ಮೇಲೇ ಕೂತಿದ್ದವು. ಆರ್ಸೆನಿಕ್ಕಿನ ಅಂಜಿಕೆಯಿಂದ 2003ರ ಕೊನೆಗೆ ಅಲ್ಲಿ ಮನೆಬಳಕೆಯಿಂದ ಅದನ್ನು ಕೈಬಿಟ್ಟು ಬೇರೆ ಔಷಧಿ ಹಿಡಿದರು. ವಿಷ ಕುಡಿದು ನಿಂತ ನಂಜುಂಡನ ಊರಿನಲ್ಲಿ, ವಿಷ ಕುಡಿದು ನಿಂತ ಮರದ ಮೇಲೆ ಕೂರಲು ಲೇಖಕನ ತಕರಾರಿಲ್ಲ. ಮನೆಯವರದು ಇತ್ತು.

ಇನ್ನು ಮರದ ಪುಡಿ, ಪ್ಲಾಸ್ಟಿಕ್ ಕಲಸಿ ಒತ್ತಿದ ಡಬ್ಲ್ಯೂಪಿಸಿ ಹಲಗೆ. ಗೆದ್ದಲು ಹತ್ತದು, ಬಣ್ಣ ಬೇಡ, ಮುಳ್ಳೇಳದು. ದೋಷ ಒಂದೇ: ಅದನ್ನು ಮಾಡಿದವರು ಬೂಟು ಹಾಕಿಕೊಂಡು ಓಡಾಡುವವರು. ದೊಡ್ಡ ಜಾತ್ರೆಯ ಹೊತ್ತಿನ ಮಧ್ಯಾಹ್ನ ಎರಡು ಗಂಟೆಗೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಹತ್ತುವ ನಮ್ಮಂಥವರ ಪಾಲಿಗೆ ಅದು ಡೆಕ್ಕಲ್ಲ, ಕೊಂಡ.

ನಮ್ಮ ಹಿರಿಯರು ದಡ್ಡರಾಗಿರಲಿಲ್ಲ. ಕೂರುವುದಕ್ಕೆ ಕಲ್ಲು, ನೆರಳಿಗೆ ಮರ ಎಂದು ಹಂಚಿಬಿಟ್ಟಿದ್ದರು. ಜಗಲಿ ಕಲ್ಲಿನದು, ಅರಳಿಕಟ್ಟೆ ಕಲ್ಲಿನದು. ಬಯಲಿಗೆ ಬಂದ ಮರ ಬೇಗ ಹಿಂದಿರುಗಬೇಕು: ಮದುವೆ ಮುಗಿದರೆ ಚಪ್ಪರ ಬಿಚ್ಚುತ್ತಾರೆ, ಜಾತ್ರೆಯಲ್ಲಿ ಐದು ತೇರುಗಳೂ ಸುತ್ತು ಬಂದು ನೆಲೆ ಸೇರುತ್ತವೆ. ಹೊಳೆಯ ಸ್ವಭಾವವೂ ಅವರಿಗೆ ಗೊತ್ತಿತ್ತು. 2018 ಮತ್ತು 2019ರಲ್ಲಿ ಕಪಿಲೆ ಮಲ್ಲನಮೂಲೆಯ ಬಳಿ ಹೆದ್ದಾರಿಗೇ ಹತ್ತಿದಳು. ಹದಿನಾರು ಕಾಲು ಮಂಟಪ ಮುಳುಗಿತು. ಮಂಟಪ ಇದ್ದಲ್ಲೇ ಇದೆ, ಕಲ್ಲಿನದು. ಮರ ತೇಲುತ್ತದೆ. ಹೊಳೆ ಇಲ್ಲಿಂದ ಹರಿಯುವುದು ಸಂಗಮದ ಕಡೆಗೆ. ಹಾಗಾಗಿ ನಂಜನಗೂಡಿನಲ್ಲಿ ಹಾಕಿದ ಡೆಕ್ಕು ಒಂದು ಬೆಳಗ್ಗೆ ನರಸೀಪುರದ ಆಸ್ತಿಯಾಗಿರುವ ಸಂಭವವನ್ನು ಸಂಶೋಧಕರು ತಳ್ಳಿಹಾಕಬಾರದು. ಆಗ ಅದು ಸಂಗಮದ ಮರ, ವರಾಹಮಿಹಿರನಿಗೂ ಆಗದು.

ಇಷ್ಟೆಲ್ಲ ತಿಳಿದ ಮೇಲೂ ಲೇಖಕ ಹೊನ್ನೆಯ ಹಲಗೆ ಕೊಂಡ. ಹಸಿ ಹಲಗೆ ಜಡಿದರೆ ಸುಕ್ಕಿ, ದೋಣಿಯಂತೆ ಬಾಗುತ್ತದೆ, ಕನಿಷ್ಠ ಆರು ತಿಂಗಳು ಒಣಗಲಿ ಎಂದರು ಆಚಾರ್ರು. ಮನೆ ಮುಂದೆ, ಹೊಂಗೆಯ ನೆರಳಿನಲ್ಲಿ, ಇಟ್ಟಿಗೆಯ ಮೇಲೆ ನೆಲ ತಾಗದಂತೆ, ನಡುವೆ ರೀಪು ಕೊಟ್ಟು ಪೇರಿಸಿದರು. ತುದಿ ಸೀಳದಿರಲೆಂದು ಸಗಣಿ ಮೆತ್ತಿದರು. ಮೊದಲ ವಾರ ಎದುರುಮನೆಯವರು ಪೇಪರು ಓದಲು ಬಂದು ಕೂತರು. ಎರಡನೆಯ ವಾರ ಸಂಡಿಗೆ ಬಂತು. ಆಮೇಲೆ ಸಂಜೆಯ ಐದಾರು ಜನ, ಚೌಕಾಬಾರದ ಮನೆ, ಬಾಳೆಹಣ್ಣಿನ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುವ ಅಜ್ಜಿ, ಒಂದು ಬೆಕ್ಕಿನ ಬಾಣಂತನ.

ಈಗ ಎಂಟು ತಿಂಗಳಾಯಿತು. ಮೊನ್ನೆ ಆಚಾರ್ರು ಬಂದು, ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, ಹಲಗೆ ಚೆನ್ನಾಗಿ ಒಣಗಿದೆ, ಇನ್ನು ಹಿತ್ತಿಲಿಗೆ ಸಾಗಿಸಬಹುದು ಎಂದರು. ಹಾಗೆಂದವರು ತಾವೂ ಅದರ ಮೇಲೇ ಕೂತು ಎಲೆಯಡಿಕೆ ಚೀಲ ಬಿಚ್ಚಿದರು.